ಸಂಜೆ ಐದಕ್ಕೆ ಗಂಟು ಕಟ್ಟುವ ಅತ್ತೆ: ಮರೆವಿನ ಕಾಯಿಲೆಯ ಹಿರಿಯರನ್ನು ಮನೆಯಲ್ಲಿ ನೋಡಿಕೊಳ್ಳುವ ಬಗೆ

ಸಂಜೆ ಐದು ಗಂಟೆ ಆಯಿತೆಂದರೆ ನಮ್ಮ ಅತ್ತೆ ಗಂಟು ಕಟ್ಟುತ್ತಿದ್ದರು. ಎರಡು ಸೀರೆ, ಒಂದು ಕುಬಸ, ಎಲೆ ಅಡಿಕೆಯ ಸಂಚಿ, ಒಂದೊಂದು ದಿನ ನನ್ನ ಮಗನ ಶಾಲೆಯ ಟೈ ಕೂಡ. ಎಲ್ಲವನ್ನೂ ಮಾವನವರ ಹಳೆ ಧೋತರದಲ್ಲಿ ಸುತ್ತಿ, ಬಗಲಲ್ಲಿ ಹಿಡಿದು ಬಾಗಿಲಿಗೆ ಬಂದು ನಿಲ್ಲುತ್ತಿದ್ದರು. "ಊರಿಗಿ ಹೋಗ್ತೀನಿ. ಎಮ್ಮಿ ಹಿಂಡೋ ಹೊತ್ತಾತು."

ಊರು ಇರುವುದು ಆಳಂದ ತಾಲೂಕಿನಲ್ಲಿ. ನಾವು ಇರುವುದು ಕಲಬುರಗಿಯ ಬ್ರಹ್ಮಪುರದಲ್ಲಿ. ಎಮ್ಮೆ ಮಾರಿ ಇಪ್ಪತ್ತು ವರ್ಷದ ಮೇಲಾಗಿದೆ. ಮೊದಮೊದಲು ನಾನು ನಿಜ ಹೇಳುತ್ತಿದ್ದೆ. "ಎಮ್ಮಿ ಎಲ್ಲದ ಅತ್ತೀ, ಯಾವಾಗೋ ಮಾರೀವಲ್ಲ." ಅವರಿಗೆ ಅದು ಪ್ರತಿ ದಿನವೂ ಹೊಸ ಸುದ್ದಿ. ಒಂದು ದಿನ, ತನ್ನನ್ನು ಕೇಳದೇ ಮಾರಿದರು ಅಂತ, ಮನೆಯಲ್ಲಿ ಸಾವಾದಂತೆ ಅತ್ತುಬಿಟ್ಟರು.

ನಾನು ನರ್ಸ್. ವಾರ್ಡ್‌ನಲ್ಲಿ ಹದಿನೆಂಟು ವರ್ಷ ಕೆಲಸ ಮಾಡಿದವಳು. ಆದರೂ ಮನೆಗೆ ಬಂದ ಮೇಲೆ ನಾನೂ ಎಲ್ಲರ ಹಾಗೆ "ಇದು ಹಟ" ಅಂದುಕೊಂಡೆ. ಹಟ ಅಲ್ಲ ಅಂತ ತಲೆಗೆ ಹೋಗಲು ಒಂದು ವರ್ಷ ಬೇಕಾಯಿತು. ನನ್ನದೇ ಕಸುಬಿನವರು ಈ ವಿಷಯದಲ್ಲಿ ಏನೇನು ಹುಡುಕಿ ಬರೆದಿದ್ದಾರೆ ಅಂತ ಕುಳಿತು ಓದಿದ್ದು ಆಮೇಲೆ. ಓದಿದ್ದರಲ್ಲಿ ನಮ್ಮ ಮನೆಯಲ್ಲಿ ನಡೆದದ್ದು ಯಾವುದು, ನಡೆಯದ್ದು ಯಾವುದು, ಅದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಡಾಕ್ಟರ್ ಹತ್ತಿರ ಹೋಗಿ

ಅರವತ್ತಕ್ಕೆ ಅರಳು ಮರಳು ಅಂತ ಗಾದೆ ಇದೆಯಲ್ಲ, ಅದೊಂದು ಗಾದೆ ನಂಬಿ ಎಷ್ಟು ಮನೆಯವರು ಡಾಕ್ಟರ್ ಹತ್ತಿರ ಹೋಗದೇ ಸುಮ್ನೆ ಕುಳಿತಿದ್ದಾರೋ ಲೆಕ್ಕವಿಲ್ಲ. ವಯಸ್ಸಾದ ಎಲ್ಲರಿಗೂ ಹೀಗೆ ಆಗುವುದಿಲ್ಲ. ಇದು ಮಿದುಳಿನ ಕಾಯಿಲೆ, ಡಿಮೆನ್ಷಿಯಾ. ನಮ್ಮ ದೇಶದಲ್ಲಿ ಅರವತ್ತು ದಾಟಿದವರಲ್ಲಿ ಶೇಕಡಾ 7.4 ಮಂದಿಗೆ, ಅಂದರೆ ಸುಮಾರು 88 ಲಕ್ಷ ಜನರಿಗೆ ಇದು ಇದೆ ಅಂತ 2023ರಲ್ಲಿ ಬಂದ ಒಂದು ದೊಡ್ಡ ಅಧ್ಯಯನ ಅಂದಾಜು ಮಾಡಿದೆ. ಗಂಡಸರಿಗಿಂತ ಹೆಂಗಸರಲ್ಲಿ ಜಾಸ್ತಿ, ಪೇಟೆಗಿಂತ ಹಳ್ಳಿಯಲ್ಲಿ ಜಾಸ್ತಿ. ನಿಮ್ಮ ಓಣಿಯಲ್ಲೇ ಎಣಿಸಿ ನೋಡಿ, ಒಬ್ಬರಾದರೂ ಸಿಗುತ್ತಾರೆ.

ಡಾಕ್ಟರ್ ಹತ್ತಿರ ಹೋಗಲೇಬೇಕು ಅನ್ನುವುದಕ್ಕೆ ಕಾರಣ ಇದೆ. ಮರೆವಿನಂತೆ ಕಾಣುವ ಎಲ್ಲವೂ ಡಿಮೆನ್ಷಿಯಾ ಅಲ್ಲ. ಬಿ12 ಕಡಿಮೆ ಆದರೂ ಮರೆವು ಬರುತ್ತದೆ, ಬರೀ ಸಸ್ಯಾಹಾರದ ಮನೆಗಳಲ್ಲಿ ಈ ಕೊರತೆ ಸಾಮಾನ್ಯ. ಥೈರಾಯ್ಡ್ ಏರುಪೇರು, ಖಿನ್ನತೆ, ವಾರಗಳ ಹಿಂದೆ ಜಾರಿಬಿದ್ದು ತಲೆಯೊಳಗೆ ಮೆಲ್ಲಗೆ ಹೆಪ್ಪುಗಟ್ಟಿದ ರಕ್ತ, ಇವೆಲ್ಲ ಅದೇ ವೇಷ ಹಾಕಿಕೊಂಡು ಬರುತ್ತವೆ, ಚಿಕಿತ್ಸೆಯೂ ಇದೆ. ನೆಗಡಿಗೆ, ತುರಿಕೆಗೆ ಮೆಡಿಕಲ್ ಶಾಪ್‌ನಲ್ಲಿ ಕೊಡುವ ನಿದ್ದೆ ಬರಿಸುವ ಹಳೆ ಮಾತ್ರೆಗಳಿವೆಯಲ್ಲ, ಅವೂ ವಯಸ್ಸಾದವರ ತಲೆ ಗೊಂದಲ ಮಾಡುತ್ತವೆ. ಹಾಗಾಗಿ ಮನೆಯಲ್ಲಿ ಅವರು ನುಂಗುವ ಎಲ್ಲ ಮಾತ್ರೆಯನ್ನೂ, ನಾಟಿ ಔಷಧ ಇದ್ದರೆ ಅದನ್ನೂ ಒಂದು ಚೀಲಕ್ಕೆ ಹಾಕಿಕೊಂಡು ಹೋಗಿ. ಕಣ್ಣು, ಕಿವಿ ಎರಡನ್ನೂ ತೋರಿಸಿ. ಕೇಳಿಸದವರು ತಪ್ಪು ಉತ್ತರ ಕೊಡುತ್ತಾರೆ, ನಾವು ಮರೆವು ಅನ್ನುತ್ತೇವೆ.

ಇನ್ನೊಂದು ಮಾತು. ನಮ್ಮ ಅತ್ತೆ ಶಾಲೆಯ ಮೆಟ್ಟಿಲು ಹತ್ತಿದವರಲ್ಲ. ನೂರರಲ್ಲಿ ಏಳು ಕಳೆಯಿರಿ, ಮತ್ತೆ ಏಳು ಕಳೆಯಿರಿ ಅಂತ ಕೇಳಿದರೆ ಅವರು ಚೆನ್ನಾಗಿದ್ದಾಗಲೂ ಹೇಳುತ್ತಿರಲಿಲ್ಲ. ಓದು ಬಾರದವರಿಗೆ ಅಂತಲೇ ಬದಲಾಯಿಸಿದ ಪರೀಕ್ಷೆಗಳು ಇವೆ, ಅದನ್ನು ಮಾಡಿ ಅಂತ ಸಂಕೋಚ ಬಿಟ್ಟು ಕೇಳಿ.

ಡೊನೆಪೆಜಿಲ್, ಮೆಮ್ಯಾಂಟಿನ್ ತರಹದ ಮಾತ್ರೆಗಳು ಕೆಲವರಿಗೆ ಕೆಲವು ಕಾಲ ಸ್ವಲ್ಪ ನೆರವಾಗುತ್ತವೆ. ಗುಣ ಮಾಡುವುದಿಲ್ಲ. ಗುಣ ಮಾಡುತ್ತೇವೆ ಅನ್ನುವವರಿಗೆ ದುಡ್ಡು ಕೊಡಬೇಡಿ.

ಮಲಗಿಸುವ ಮಾತ್ರೆಯ ಬಗ್ಗೆ ನನ್ನದೇ ಕಥೆ ಇದೆ. ರಾತ್ರಿ ಎದ್ದು ಓಡಾಡುತ್ತಾರೆ ಅಂತ ಒಂದು ಕ್ಲಿನಿಕ್‌ಗೆ ಕರೆದುಕೊಂಡು ಹೋದೆವು. ಎರಡು ನಿಮಿಷ ನೋಡಿ ಮಾತ್ರೆ ಬರೆದರು. ನಾನೂ ಸುಸ್ತಾಗಿದ್ದೆ, ಪ್ರಶ್ನೆ ಕೇಳಲಿಲ್ಲ. ನಾಲ್ಕನೇ ರಾತ್ರಿ ಅಮಲಿನಲ್ಲಿ ಎದ್ದು ಬಚ್ಚಲ ಬಾಗಿಲಲ್ಲಿ ಬಿದ್ದರು, ಮುಂಗೈ ಮುರಿಯಿತು. ಡಿಮೆನ್ಷಿಯಾ ಇರುವ ಹಿರಿಯರಿಗೆ ಗಲಾಟೆ ತಗ್ಗಿಸಲು ಕೊಡುವ ಮನೋರೋಗದ ಮಾತ್ರೆಗಳಿಂದ ಸಾವಿನ ಅಪಾಯ ಹೆಚ್ಚುತ್ತದೆ ಅಂತ ಅಮೆರಿಕದ ಔಷಧ ಇಲಾಖೆ 2005ರಲ್ಲೇ ಎಚ್ಚರಿಕೆ ಕೊಟ್ಟಿದೆ. ಕೆಲವೊಮ್ಮೆ ಅವು ಬೇಕೇ ಬೇಕಾಗುತ್ತವೆ, ಇಲ್ಲ ಅನ್ನುವುದಿಲ್ಲ. ಆದರೆ ಯಾಕೆ, ಎಷ್ಟು ದಿನ, ಯಾವಾಗ ನಿಲ್ಲಿಸುವುದು, ಈ ಮೂರನ್ನು ಕೇಳದೇ ಚೀಟಿ ತೆಗೆದುಕೊಳ್ಳಬೇಡಿ. ಈಗಾಗಲೇ ಕೊಡುತ್ತಿದ್ದರೆ ನೀವಾಗಿಯೇ ದಿಢೀರ್ ನಿಲ್ಲಿಸಲೂ ಬೇಡಿ.

ಹತ್ತು ರೂಪಾಯಿಯ ನೋಟ್‌ಬುಕ್

1996ರಲ್ಲಿ ಅಮೆರಿಕದ ನರ್ಸಿಂಗ್ ಸಂಶೋಧಕರು, ಡೋನಾ ಆಲ್ಗೇಸ್, ಕಾರ್ನೀಲಿಯಾ ಬೆಕ್, ಆನ್ ಕೊಲನೌಸ್ಕಿ ಮತ್ತು ಅವರ ಜೊತೆಗಾರರು, ಒಂದು ವಿಚಾರ ಮುಂದಿಟ್ಟರು. ಅಲೆದಾಡುವುದು, ಕೂಗುವುದು, ಕೇಳಿದ್ದನ್ನೇ ಕೇಳುವುದು, ಕೈ ಎತ್ತುವುದು, ಇವು ಕಾಯಿಲೆಯ ಕಾಟ ಮಾತ್ರ ಅಲ್ಲ. ಹಸಿವು, ನೋವು, ಬೇಸರ, ಭಯ, ಮೂತ್ರಕ್ಕೆ ಹೋಗುವ ಅವಸರ, ಇಂಥ ಯಾವುದೋ ಒಂದು ಬೇಕು ಒಳಗಿದೆ, ಹೇಳಲು ಮಾತು ಸಿಗುತ್ತಿಲ್ಲ, ಅದಕ್ಕೇ ಹೀಗೆ ಹೊರಬರುತ್ತಿದೆ. ಕೂಸು ಅತ್ತರೆ ನಾವು ಹಟ ಅನ್ನುವುದಿಲ್ಲ, ಹಸಿವೋ, ಒದ್ದೆಯೋ ಅಂತ ನೋಡುತ್ತೇವೆ. ಇಲ್ಲೂ ಹಾಗೇ ನೋಡಬೇಕು, ಆದರೆ ಕೂಸಿನಂತೆ ನಡೆಸಿಕೊಳ್ಳಬಾರದು. ಆ ವಿಷಯಕ್ಕೆ ಆಮೇಲೆ ಬರುತ್ತೇನೆ.

ಆ ಬೇಕು ಯಾವುದು ಅಂತ ಹಿಡಿಯಲು ಒಂದು ನೋಟ್‌ಬುಕ್ ತಂದು ಮೂರು ಕಾಲಂ ಮಾಡಿ. ಮೊದಲು ಏನಿತ್ತು, ಏನಾಯಿತು, ಆಮೇಲೆ ಹೇಗೆ ತಣ್ಣಗಾದರು. ಗಂಟೆ ಬರೆಯಿರಿ. ಹತ್ತು ಹನ್ನೆರಡು ದಿನ ಸಾಕು. ನನ್ನ ನೋಟ್‌ಬುಕ್‌ನ ಒಂದು ಪುಟ ಹೀಗಿತ್ತು: "4.50. ಮಗ ಟಿವಿ ಹಚ್ಚಿದ, ಕುಕ್ಕರ್ ಕೂಗಿತು, ಬಾಜೂಮನೆಯವರು ಬಂದರು. ಅತ್ತೆ ಗಂಟು ಕಟ್ಟಲು ಶುರು. 5.30. ಮೂತ್ರಕ್ಕೆ ಕರೆದೊಯ್ದೆ, ಚಹಾ ಕೊಟ್ಟೆ, ಅಂಗಳದಲ್ಲಿ ಕುಳಿತರು. ಗಂಟು ಬಿಚ್ಚಿದರು." ಮರುದಿನ ಹೆಚ್ಚುಕಡಿಮೆ ಅದೇ. ಅದರ ಮರುದಿನವೂ ಅದೇ.

ವಾರದ ಪುಟ ಒಟ್ಟಿಗೆ ಓದಿದಾಗ ನನಗೇ ನಾಚಿಕೆಯಾಯಿತು. ಮಧ್ಯಾಹ್ನ ಒಂದಕ್ಕೆ ಉಂಡವರಿಗೆ ಐದರವರೆಗೆ ನಾನು ಏನೂ ಕೊಡುತ್ತಿರಲಿಲ್ಲ. ಊರಲ್ಲಿ ಐವತ್ತು ವರ್ಷ ಆ ಹೊತ್ತಿಗೆ ಸೆಗಣಿ ಬಳಿದು, ಎಮ್ಮೆ ಹಿಂಡಿ, ದೀಪ ಹಚ್ಚಿದ ಕೈಗಳಿಗೆ ಇಲ್ಲಿ ಏನೂ ಕೆಲಸ ಇರಲಿಲ್ಲ.

ಸಂಜೆಯೇ ಯಾಕೆ ಅನ್ನುವುದಕ್ಕೆ ಅಮೆರಿಕದ ಅಯೋವಾ ರಾಜ್ಯದ ಇಬ್ಬರು ನರ್ಸ್‌ಗಳು, ಜೆರಿ ಹಾಲ್ ಮತ್ತು ಕ್ಯಾಥ್ಲೀನ್ ಬಕ್‌ವಾಲ್ಟರ್, 1987ರಲ್ಲಿ ಹೇಳಿದ್ದು ನನಗೆ ತುಂಬ ಸರಿ ಅನಿಸುತ್ತದೆ. ಈ ಕಾಯಿಲೆಯಲ್ಲಿ ಗದ್ದಲ, ದಣಿವು, ಬದಲಾವಣೆ ತಡೆದುಕೊಳ್ಳುವ ಶಕ್ತಿ ದಿನ ಕಳೆದಂತೆ ಕಡಿಮೆಯಾಗುತ್ತಾ ಹೋಗುತ್ತದೆ. ಬೆಳಗಿನಿಂದ ಒಂದೊಂದೇ ತಂಬಿಗೆ ನೀರು ಸುರಿದಂತೆ ಒತ್ತಡ ತುಂಬುತ್ತಾ ಬಂದು ಸಂಜೆಗೆ ಕೊಡ ಉಕ್ಕುತ್ತದೆ. ಶರಣಬಸವೇಶ್ವರ ಜಾತ್ರೆಯ ದಿನ ನಮಗೆ ಇದು ಕಣ್ಣಾರೆ ಕಂಡಿತು. ಹೋಳಿ ಆಗಿ ಐದನೇ ದಿನ ತೇರು, ಅತ್ತೆಗೆ ಅಪ್ಪನ (ಶರಣಬಸವೇಶ್ವರರನ್ನು ನಮ್ಮಲ್ಲಿ ಹೀಗೇ ಕರೆಯುವುದು) ತೇರು ಅಂದರೆ ಜೀವ, ಖುಷಿಯಾಗಲಿ ಅಂತ ಕರೆದೊಯ್ದೆವು. ಜನ, ಡೊಳ್ಳು, ಧೂಳು. ಅರ್ಧ ಗಂಟೆಯಲ್ಲಿ ನನ್ನ ಕೈ ಕಚ್ಚಿದರು. ಮರುವರ್ಷ ಜಾತ್ರೆಗೆ ಎರಡು ದಿನ ಮೊದಲು, ಬೆಳಿಗ್ಗೆ ಏಳಕ್ಕೆ, ಗುಡಿ ಖಾಲಿ ಇದ್ದಾಗ ಹೋದೆವು. ಕೈ ಮುಗಿದರು, ಕಾಯಿ ಒಡೆಸಿದರು, ಅಪ್ಪನ ಕೆರೆ ದಂಡೆಯಲ್ಲಿ ಸ್ವಲ್ಪ ಹೊತ್ತು ಕುಳಿತು ಮನೆಗೆ ಬಂದರು.

ಸಂಜೆ ಐದರ ಹೊತ್ತು

ಹೊರಗೆ ಹೋಗುವುದು, ನೆಂಟರು, ಸ್ನಾನ, ಆಸ್ಪತ್ರೆ, ಎಲ್ಲವೂ ಬೆಳಿಗ್ಗೆಯೇ ಮುಗಿಯಲಿ. ಮಧ್ಯಾಹ್ನ ಅರ್ಧ ಮುಕ್ಕಾಲು ಗಂಟೆ ಅಡ್ಡಾಗಲಿ, ಮೂರು ತಾಸು ಮಲಗಿಸಿದರೆ ರಾತ್ರಿ ನಿಮಗೆ ಜಾಗರಣೆ. ನಾಲ್ಕೂವರೆಗೆ ಮೂತ್ರಕ್ಕೆ ಕರೆದೊಯ್ದು, ಏನಾದರೂ ತಿನ್ನಲು ಕೊಡಿ. ಕತ್ತಲಾಗುವ ಮೊದಲೇ ದೀಪ ಹಚ್ಚಿ, ಅರೆಬೆಳಕಿನಲ್ಲಿ ಗೋಡೆಯ ಮೇಲಿನ ನೆರಳು ಅವರಿಗೆ ಕಳ್ಳನಂತೆ ಕಾಣಬಹುದು. ಕರೆಂಟು ಹೋಗುವ ನಮ್ಮ ಊರುಗಳಲ್ಲಿ ಒಂದು ಚಾರ್ಜಿಂಗ್ ಲೈಟ್ ಅವರ ಕೋಣೆಯಲ್ಲೇ ಇರಲಿ. ಟಿವಿ ಬಂದ್. ಮುಖ್ಯವಾಗಿ ಕ್ರೈಂ ಸುದ್ದಿ ಬೇಡವೇ ಬೇಡ, ಟಿವಿಯಲ್ಲಿ ನಡೆದದ್ದು ಮನೆಯಲ್ಲೇ ನಡೆಯಿತು ಅಂದುಕೊಳ್ಳುತ್ತಾರೆ.

ಕೈಗೆ ಕೆಲಸ ಕೊಡಿ. ನಾನು ಒಂದು ಮೊರದಲ್ಲಿ ತೊಗರಿ ಬೇಳೆ ಹಾಕಿ ಮುಂದೆ ಇಟ್ಟೆ. ಅತ್ತೆ ಕಾಲು ಚಾಚಿ ಕುಳಿತು, ಮೊರ ತೊಡೆಯ ಮೇಲೆ ಇಟ್ಟುಕೊಂಡು, ಬಲಗೈಯ ಎರಡು ಬೆರಳಿನಲ್ಲಿ ಹೊಟ್ಟು, ಹರಳು ಆರಿಸಿ ಪಕ್ಕಕ್ಕೆ ಹಾಕತೊಡಗಿದರು. ಮೊಮ್ಮಗನ ಹೆಸರು ಮರೆತ ತಲೆ ಅದು. ಬೆರಳು ಮಾತ್ರ ಏನೂ ಮರೆತಿರಲಿಲ್ಲ. ನಡುವೆ ಒಮ್ಮೆ ಮೊರ ಎತ್ತಿ ಕೇರಿದರು ಕೂಡ, ಒಂದು ಕಾಳೂ ಕೆಳಗೆ ಬೀಳಲಿಲ್ಲ. ಅದೇ ಬೇಳೆಯನ್ನು ನಾವು ಮರುದಿನ ಮತ್ತೆ ಕೊಡುತ್ತೇವೆ, ಅದರಲ್ಲಿ ಮೋಸ ಏನೂ ಇಲ್ಲ. ಅವರವರ ಹಳೆ ಕೆಲಸ, ಆಸಕ್ತಿಗೆ ಹೊಂದುವ ಚಟುವಟಿಕೆ ಕೊಟ್ಟರೆ ಹೆಚ್ಚು ತೊಡಗುತ್ತಾರೆ ಅಂತ ಕೊಲನೌಸ್ಕಿ ಅವರ ತಂಡ ನೋಡಿದೆ. ಅಂಗಡಿ ನಡೆಸಿದವರಿಗೆ ಚಿಲ್ಲರೆ ಎಣಿಸಲು ಕೊಡಿ. ಬೀದರಿನಲ್ಲಿರುವ ನನ್ನ ಗೆಳತಿ ಅವಳ ಅಪ್ಪನ ಕೈಗೆ ಹಳೆ ಬಿದರಿ ಹೂದಾನಿ ಮತ್ತು ಒಂದು ಬಟ್ಟೆ ಕೊಡುತ್ತಾಳೆ, ಅವರು ಒಂದು ತಾಸು ಒರೆಸುತ್ತಾರೆ.

ಎಮ್ಮೆಯ ಮಾತು ಬಂದರೆ ಈಗ ನಾನು ನಿಜವೂ ಹೇಳುವುದಿಲ್ಲ, ಸುಳ್ಳೂ ಹೇಳುವುದಿಲ್ಲ. "ಎಮ್ಮಿ ಹೆಸರು ಏನಿತ್ತು ಅತ್ತೀ?" ಅನ್ನುತ್ತೇನೆ. "ಗೌರಿ." "ಎಷ್ಟು ಸೇರು ಹಾಲು ಕೊಡ್ತಿತ್ತು?" ಅಲ್ಲಿಂದ ಕಥೆ ಶುರು. ಗೌರಿ ಒಮ್ಮೆ ಯಾರದೋ ತೊಗರಿ ಹೊಲಕ್ಕೆ ನುಗ್ಗಿದ್ದು, ಮಾವನವರು ದಂಡ ಕಟ್ಟಿದ್ದು. ಹತ್ತು ನಿಮಿಷಕ್ಕೆ ಗಂಟು ಕೆಳಗೆ ಇಡುತ್ತಾರೆ. ಎಲ್ಲ ದಿನವೂ ಅಲ್ಲ. ಇಡದ ದಿನ ಗಂಟಿನ ಸಮೇತ ಓಣಿಯ ಕೊನೆಯವರೆಗೆ ನಡೆದು ತಿರುಗಿ ಬರುತ್ತೇವೆ.

ಸ್ನಾನ

ಮನೆಯಲ್ಲಿ ಜಾಸ್ತಿ ಜಗಳ ಆಗುವುದು ಇದಕ್ಕೇ. ಅವರ ಕಣ್ಣಿನಿಂದ ನೋಡಿ. ಯಾರೋ ಇಬ್ಬರು ಬಂದು ಸೀರೆ ಎಳೆಯುತ್ತಾರೆ, ಚಳಿಯಲ್ಲಿ ತಲೆ ಮೇಲೆ ನೀರು ಸುರಿಯುತ್ತಾರೆ. ಹೊಡೆಯದೇ ಇನ್ನೇನು ಮಾಡುತ್ತಾರೆ?

ಅಮೆರಿಕದಲ್ಲಿ ವೃದ್ಧರ 15 ಆರೈಕೆ ಕೇಂದ್ರಗಳಲ್ಲಿ ನಡೆದ ಒಂದು ಪ್ರಯೋಗ 2004ರಲ್ಲಿ ಪ್ರಕಟವಾಯಿತು. ನರ್ಸ್ ಜೋಆನ್ ರೇಡರ್, ಡಾಕ್ಟರ್ ಫಿಲಿಪ್ ಸ್ಲೋನ್ ಎಲ್ಲ ಅದರಲ್ಲಿದ್ದರು. ಕೆಲವರಿಗೆ ಅವರವರ ಇಷ್ಟ, ಅನುಕೂಲ ನೋಡಿ ಸ್ನಾನ ಮಾಡಿಸಿದರು. ಇನ್ನು ಕೆಲವರಿಗೆ ಹಾಸಿಗೆಯಲ್ಲೇ, ದೊಡ್ಡ ಬಿಸಿ ಟವೆಲ್ ಹೊದಿಸಿ, ಅದರ ಮೇಲಿಂದಲೇ ಉಜ್ಜಿ ಒರೆಸಿದರು. ಹೊಡೆಯುವುದು, ತಳ್ಳುವುದು ಮೊದಲ ಗುಂಪಿನಲ್ಲಿ ಶೇಕಡಾ 53, ಎರಡನೆಯದರಲ್ಲಿ ಶೇಕಡಾ 60 ಕಡಿಮೆಯಾಯಿತು. ಒಂದು ಮಾತ್ರೆಯೂ ಇಲ್ಲದೇ.

ನಮ್ಮ ಮನೆಗೆ ಅದನ್ನು ಹೀಗೆ ಹೊಂದಿಸಿಕೊಂಡೆ. ಸ್ನಾನ ಬೆಳಿಗ್ಗೆ ಹತ್ತಕ್ಕೆ, ಬಿಸಿಲು ಬಂದ ಮೇಲೆ. ಬಚ್ಚಲಿಗೆ ಕರೆಯುವ ಮೊದಲೇ ನೀರು, ಟವೆಲ್, ಸೀರೆ ಎಲ್ಲ ಸಿದ್ಧ ಇರಬೇಕು, ಅವರನ್ನು ಕೂಡಿಸಿ ಸೋಪು ಹುಡುಕಲು ಓಡಬಾರದು. ಪ್ಲಾಸ್ಟಿಕ್ ಕುರ್ಚಿ ಇರಲಿ, ಗೋಡೆಗೆ ಹಿಡಿಕೆ ಇರಲಿ. ಒಂದು ಹಳೆ ನೂಲಿನ ಸೀರೆ ಹೊದಿಸಿಯೇ ನೀರು ಹಾಕಿ, ಮೈ ಪೂರ್ತಿ ಬರಿದು ಮಾಡಬೇಡಿ. ಕಾಲಿನಿಂದ ಶುರು ಮಾಡಿ, ಮುಖ ತಲೆ ಕೊನೆಗೆ. ತಂಬಿಗೆ ಅವರ ಕೈಯಲ್ಲೂ ಒಂದು ಇರಲಿ. ತಲೆಸ್ನಾನವನ್ನು ಬೇರೆ ದಿನಕ್ಕೆ ಇಡಿ. ಬೇಡ ಅಂದರೆ ಬಿಡಿ, ಅರ್ಧ ಗಂಟೆ ಬಿಟ್ಟು ಕೇಳಿ. ದಿನಾ ಸ್ನಾನ ಆಗಲೇಬೇಕು ಅನ್ನುವುದು ನಮ್ಮ ಹಟ, ವಾರಕ್ಕೆ ಎರಡು ಮೂರು ಸಲ ಸ್ನಾನ, ಉಳಿದ ದಿನ ಬಿಸಿ ಬಟ್ಟೆಯಲ್ಲಿ ಒರೆಸಿದರೆ ಸಾಕು. ಪೂಜೆಗೆ ಮಡಿ ಬೇಕು ಅನ್ನುವ ಮನೆಗಳಲ್ಲಿ ಇದು ಕಷ್ಟ, ನನಗೆ ಗೊತ್ತು. ನಮ್ಮ ಅತ್ತೆಗೆ ಕೈಕಾಲು ಮುಖ ತೊಳೆಸಿ ವಿಭೂತಿ ಹಚ್ಚಿದರೆ ಸ್ನಾನ ಆಯಿತು ಅಂತಲೇ ಸಮಾಧಾನ.

ಶಹಾಬಾದ್ ಫರಸಿಯ ಬಚ್ಚಲಾದರೆ ಒಂದು ಎಚ್ಚರ. ಒದ್ದೆಯಾದ ಕಪ್ಪು ಕಲ್ಲು ಅವರ ಕಣ್ಣಿಗೆ ಆಳದ ನೀರಿನಂತೆ, ಗುಂಡಿಯಂತೆ ಕಾಣಬಹುದು. ನಮ್ಮ ಅತ್ತೆ ಹೊಸ್ತಿಲಲ್ಲೇ ನಿಂತು "ಬಾವಿ ಅದ" ಅನ್ನುತ್ತಿದ್ದರು, ನಾನು ಎರಡು ತಿಂಗಳು ಅದನ್ನು ತಲೆಕೆಟ್ಟ ಮಾತು ಅಂದುಕೊಂಡಿದ್ದೆ. ತಿಳಿ ಬಣ್ಣದ, ಜಾರದ ರಬ್ಬರ್ ಮ್ಯಾಟ್ ಹಾಸಿದೆ. ಬಾವಿ ಮುಚ್ಚಿತು. ಬಾಗಿಲಲ್ಲಿ ಕಪ್ಪು ಕಾಲೊರಸು ಇದ್ದರೆ ಅದನ್ನೂ ತೆಗೆಯಿರಿ.

ತಾಟು

ಇದೂ 2004ರ ಸುದ್ದಿಯೇ. ಬಾಸ್ಟನ್‌ನಲ್ಲಿ, ಕಾಯಿಲೆ ತುಂಬ ಮುಂದುವರಿದ ಒಂಬತ್ತು ಮಂದಿ ಗಂಡಸರಿಗೆ ಬಿಳಿ ತಟ್ಟೆ ಬದಲು ಗಾಢ ಕೆಂಪು ತಟ್ಟೆ, ಲೋಟದಲ್ಲಿ ಕೊಟ್ಟು ನೋಡಿದರು. ತಿನ್ನುವುದು ಶೇಕಡಾ 25, ಕುಡಿಯುವುದು ಶೇಕಡಾ 84 ಜಾಸ್ತಿಯಾಯಿತು. ಒಂಬತ್ತೇ ಜನ, ಚಿಕ್ಕ ಪ್ರಯೋಗ, ಇದನ್ನೇ ವೇದ ಅನ್ನಬೇಡಿ. ಆದರೆ ನಮ್ಮ ತಾಟಿನಲ್ಲಿ ನೋಡಿ: ಹೊಳೆಯುವ ಸ್ಟೀಲು, ಮೇಲೆ ಬಿಳಿ ಜೋಳದ ರೊಟ್ಟಿ, ಪಕ್ಕದಲ್ಲಿ ಬಿಳಿ ಮೊಸರು. ಕಣ್ಣು ಮಸುಕಾದವರಿಗೆ ಅದರಲ್ಲಿ ಏನು ಕಾಣಬೇಕು? ನಾನು ಎಂಬತ್ತು ರೂಪಾಯಿ ಕೊಟ್ಟು ಸೂಪರ್ ಮಾರ್ಕೆಟ್‌ನಿಂದ ಒಂದು ಕೆಂಪು ತಟ್ಟೆ ತಂದೆ. ಅತ್ತೆ ಮೊದಲ ದಿನ "ಈ ಪ್ಲಾಸ್ಟಿಕ್‌ದಾಗ ಯಾರು ಉಣ್ತಾರ" ಅಂದರು, ಎರಡನೇ ದಿನ ಉಂಡರು. ಹೂವಿನ ಚಿತ್ರ ಇರುವ ತಟ್ಟೆ ಬೇಡ, ಹೂವನ್ನೇ ಹೆಕ್ಕಲು ಹೋಗುತ್ತಾರೆ.

ಒಂದು ಸಲಕ್ಕೆ ಒಂದೇ ಪದಾರ್ಥ ಮುಂದಿಡಿ. ಕಟಕ ರೊಟ್ಟಿ ಬಿಟ್ಟುಬಿಡಿ. ಬಿಸಿ ರೊಟ್ಟಿ ಬೆಳ್ಳುಳ್ಳಿ, ಎಣ್ಣೆ ಹಾಕಿ ಕುಟ್ಟಿದ ಮುಟಗಿ ಇಂಥವರಿಗೆ ಅಂತಲೇ ಯಾರೋ ಕಂಡುಹಿಡಿದ ಹಾಗಿದೆ, ಮೆತ್ತಗೆ, ಉಂಡೆ ಕಟ್ಟಿ ಕೈಗೆ ಕೊಟ್ಟರೆ ತಾವೇ ತಿನ್ನುತ್ತಾರೆ. ಖಾರ ಕಡಿಮೆ ಮಾಡಿ. ನೆಟ್ಟಗೆ ಕುಳಿತೇ ಉಣ್ಣಲಿ, ಮಲಗಿಸಿ ತಿನಿಸಬೇಡಿ. ಉಣ್ಣುವಾಗ ಪದೇ ಪದೇ ಕೆಮ್ಮು ಬಂದರೆ, ನುಂಗಿದ ಮೇಲೆ ದನಿ ಗೊರಗೊರ ಅಂದರೆ ಡಾಕ್ಟರ್‌ಗೆ ಹೇಳಿ, ಅನ್ನ ಶ್ವಾಸಕೋಶಕ್ಕೆ ಹೋಗುತ್ತಿರಬಹುದು.

ನೀರು. ನಮ್ಮ ಕಡೆ ಬೇಸಿಗೆಯಲ್ಲಿ 42 ಡಿಗ್ರಿ ಹೊಸದೇನಲ್ಲ, ಇವರಿಗೆ ಬಾಯಾರಿಕೆ ತಿಳಿಯುವುದಿಲ್ಲ ಅಥವಾ ತಿಳಿದರೂ ಹೇಳಲು ಬರುವುದಿಲ್ಲ. ನೀರು ಬೇಕಾ ಅಂತ ಕೇಳಬೇಡಿ, ಬೇಡ ಅಂತಲೇ ಅನ್ನುತ್ತಾರೆ. ತಾಸಿಗೊಮ್ಮೆ ಅರ್ಧ ಲೋಟ ಕೈಗೆ ಕೊಟ್ಟು ನೀವೂ ಎದುರಿಗೆ ಕುಳಿತು ಕುಡಿಯಿರಿ. ಮಜ್ಜಿಗೆ, ಅಂಬಲಿ, ಕಲ್ಲಂಗಡಿ ಏನಾದರೂ ಸರಿ. ಹೃದಯ, ಕಿಡ್ನಿ ತೊಂದರೆ ಇದ್ದವರಿಗೆ ಎಷ್ಟು ಅಂತ ಡಾಕ್ಟರ್ ಹೇಳಿದ್ದೇ ಅಳತೆ.

ಮುದ್ದು ಮಾತೂ ಬೇಡ

ಕೂಸಿನಂತೆ ನಡೆಸಿಕೊಳ್ಳಬಾರದು ಅಂದೆನಲ್ಲ. ನಮ್ಮ ನರ್ಸ್‌ಗಳಿಗೆ ಒಂದು ಚಾಳಿ ಇದೆ, ನನಗೂ ಇತ್ತು. "ಬಾ ಅಜ್ಜಿ, ಜಾಣಿ ಅಲ್ವಾ ನೀನು, ಒಂದೇ ಗುಟುಕು, ಶಾಬಾಸ್" ಅಂತ ರಾಗ ಎಳೆಯುವುದು. ಪ್ರೀತಿಯಿಂದಲೇ. ಕ್ರಿಸ್ಟಿನ್ ವಿಲಿಯಮ್ಸ್ ಅನ್ನುವ ನರ್ಸಿಂಗ್ ಸಂಶೋಧಕಿ ಆರೈಕೆಯ ಹೊತ್ತಿನ ವಿಡಿಯೊಗಳನ್ನು ಕ್ಷಣ ಕ್ಷಣ ಬಿಡಿಸಿ ನೋಡಿ 2009ರಲ್ಲಿ ಬರೆದರು. ದೊಡ್ಡವರ ಜೊತೆ ಮಾತಾಡುವ ಹಾಗೆ ಮಾತಾಡಿದಾಗ ಬರುವ ವಿರೋಧಕ್ಕಿಂತ, ಹೀಗೆ ಮಕ್ಕಳ ಹಾಗೆ ಮಾತಾಡಿಸಿದಾಗ ಬರುವ ವಿರೋಧ ಹೆಚ್ಚುಕಡಿಮೆ ಎರಡು ಪಟ್ಟು.

ನಮ್ಮ ಅತ್ತೆ ಊರಲ್ಲಿ ಗೌಡಶಾನಿ. ಹೋಮ್ ನರ್ಸ್ ಹುಡುಗಿ ಮೊದಲ ವಾರ "ಏ ಅಜ್ಜಿ, ಕೈ ಎತ್ತು" ಅನ್ನುತ್ತಿದ್ದಳು, ಅತ್ತೆ ಕೈ ಎತ್ತುತ್ತಿದ್ದರು, ಹೊಡೆಯಲು. ನಾನು ಅವಳಿಗೆ "ಗೌಡಶಾನೇರ ಅನ್ನು, ರೀ ಹಚ್ಚು" ಅಂದೆ. "ಗೌಡಶಾನೇರ, ಕೈ ಸ್ವಲ್ಪ ಮ್ಯಾಲೆ ಮಾಡ್ರಿ." ಬೆನ್ನು ನೆಟ್ಟಗೆ ಮಾಡಿ ಕುಳಿತರು, ಕೈ ಎತ್ತಿದರು. ಆಮೇಲೆ ಅವಳಿಗೆ ಚಹಾ ಕುಡಿದಿಯಾ ಅಂತಲೂ ಕೇಳಿದರು.

ಎದುರಿಗೆ ಬಂದು, ಕಣ್ಣಿನ ಮಟ್ಟಕ್ಕೆ ಕುಳಿತು ಮಾತಾಡಿ. ಒಂದು ವಾಕ್ಯದಲ್ಲಿ ಒಂದೇ ವಿಷಯ. "ಮುಂಜಾನೆ ಏನು ಉಂಡೆ?", "ನಾನು ಯಾರು ಹೇಳು ನೋಡಮ್?" ಅಂತ ಪರೀಕ್ಷೆ ಮಾಡಬೇಡಿ. ಬಂದ ನೆಂಟರೆಲ್ಲ ಇದೇ ಪ್ರಶ್ನೆ ಕೇಳುತ್ತಾರೆ, ಅವರನ್ನು ತಡೆಯುವುದು ನಿಮ್ಮ ಕೆಲಸ. ಬೈದರೆ ಹೇಗೂ ಮರೆತುಬಿಡುತ್ತಾರೆ ಅನ್ನುವವರೂ ಇದ್ದಾರೆ. 2014ರಲ್ಲಿ ಪ್ರಕಟವಾದ ಅಯೋವಾದ ಒಂದು ಅಧ್ಯಯನದಲ್ಲಿ ಆಲ್ಝೈಮರ್ (ಡಿಮೆನ್ಷಿಯಾದ ಒಂದು ಬಗೆ) ಇರುವವರಿಗೆ ದುಃಖದ ಮತ್ತು ಸಂತೋಷದ ಸಿನಿಮಾ ತುಣುಕು ತೋರಿಸಿದರು. ನೋಡಿದ್ದು ಏನು ಅಂತ ಬೇಗ ಮರೆತರು, ಆದರೆ ಆ ದುಃಖ, ಆ ಸಂತೋಷ ಆಮೇಲೂ ಮನಸ್ಸಿನಲ್ಲಿ ಉಳಿದಿತ್ತು. ಅಂದರೆ ನಿಮ್ಮ ಬೈಗುಳ ಮರೆಯುತ್ತಾರೆ, ಬೈಸಿಕೊಂಡ ನೋವು ಕಾರಣ ತಿಳಿಯದೇ ಉಳಿಯುತ್ತದೆ.

ಹೇಳಲಾಗದ ನೋವು, ದಿಢೀರ್ ಬದಲಾವಣೆ

ನೋವು ಇದೆಯಾ ಅಂದರೆ ಇಲ್ಲ ಅನ್ನುತ್ತಾರೆ. ಹಾಗಾಗಿ ನೋಡಿ ತಿಳಿಯಬೇಕು. 2003ರಲ್ಲಿ ಇಂಥವರಿಗೆ ಅಂತಲೇ ಒಂದು ನೋವಿನ ಅಳತೆ ಮಾಡಿದ್ದಾರೆ. ಉಸಿರಾಟ, ನರಳುವ ದನಿ, ಮುಖ, ಮೈಯ ಬಿಗಿತ, ಸಮಾಧಾನ ಮಾಡಿದರೆ ಆಗುತ್ತಾರಾ ಇಲ್ಲವಾ, ಈ ಐದಕ್ಕೂ ಸೊನ್ನೆಯಿಂದ ಎರಡು ಅಂಕ, ಒಟ್ಟು ಹತ್ತು. ಮನೆಯಲ್ಲಿ ಅಂಕ ಹಾಕದಿದ್ದರೂ ಪರವಾಗಿಲ್ಲ, ಏಳುವಾಗ, ಮಗ್ಗಲು ಬದಲಿಸುವಾಗ ಈ ಐದನ್ನು ನೋಡಿ. ಹಲ್ಲು, ಮೊಣಕಾಲು, ಮಲಬದ್ಧತೆ, ಇವು ಮೂರು ನಾನು ಕಂಡ ದೊಡ್ಡ ಕಳ್ಳರು.

ಇದನ್ನು ಮಾತ್ರ ಮರೆಯಬೇಡಿ. ಡಿಮೆನ್ಷಿಯಾ ತಿಂಗಳು ವರ್ಷದಲ್ಲಿ ಮೆಲ್ಲಗೆ ಹೆಚ್ಚುತ್ತದೆ. ನಿನ್ನೆ ಇದ್ದವರು ಇವತ್ತು ಬೇರೆಯೇ ಆಗಿದ್ದಾರೆ, ಒಮ್ಮೆ ಮಂಪರು, ಒಮ್ಮೆ ಗಲಾಟೆ, ಇಲ್ಲದ್ದು ಕಾಣುತ್ತಿದೆ ಅಂದರೆ ಅದು ಕಾಯಿಲೆ ಜಾಸ್ತಿಯಾಗಿದ್ದಲ್ಲ. ಮೂತ್ರದ ಸೋಂಕು, ನೀರಿನ ಕೊರತೆ, ನ್ಯುಮೋನಿಯಾ, ಹೊಸ ಮಾತ್ರೆ, ಏನೋ ಒಂದು ಇದೆ. ಅದೇ ದಿನ ಆಸ್ಪತ್ರೆಗೆ ಹೋಗಿ, ನಾಳೆ ನೋಡೋಣ ಅನ್ನಬೇಡಿ. ಮುಖ ಓರೆಯಾದರೆ, ಕೈ ಬಿದ್ದರೆ, ಮಾತು ತೊದಲಿದರೆ ಕೂಡಲೇ 108ಕ್ಕೆ ಕರೆ ಮಾಡಿ.

ಹಾಡು

ಲಿಂಡಾ ಗರ್ಡ್ನರ್ ಅನ್ನುವ ನರ್ಸ್ 2000ದಲ್ಲಿ ತೋರಿಸಿದ್ದು ಇದು: ಎಲ್ಲರಿಗೂ ಒಂದೇ ತರಹದ ಮೆತ್ತನೆಯ ವಾದ್ಯ ಸಂಗೀತಕ್ಕಿಂತ, ಅವರವರಿಗೆ ಇಷ್ಟವಿದ್ದ ಹಾಡೇ ಹೆಚ್ಚು ತಣ್ಣಗೆ ಮಾಡುತ್ತದೆ. ಗಲಾಟೆ ಶುರುವಾದ ಮೇಲಲ್ಲ, ಶುರುವಾಗುವ ಹೊತ್ತಿಗೆ ಮೊದಲೇ ಹಚ್ಚಬೇಕು. ಫೋನಿನಲ್ಲಿ ದುಡ್ಡು ಕೊಟ್ಟು "ಮನಶ್ಶಾಂತಿ ಸಂಗೀತ" ಹಚ್ಚಿ ನೋಡಿದೆ, ಏನೂ ಲಾಭ ಆಗಲಿಲ್ಲ. ಅತ್ತೆಗೆ ಬೇಕಾಗಿದ್ದು ಬೀಸುವ ಕಲ್ಲಿನ ಪದ ಮತ್ತು ಭಜನೆ. ಊರಿನ ಭಜನಾ ಮೇಳದವರ ಹತ್ತಿರ ಫೋನ್‌ನಲ್ಲಿ ರೆಕಾರ್ಡ್ ಮಾಡಿಸಿಕೊಂಡು ಬಂದೆವು. ತಾಳ ಶುರುವಾದರೆ ಅವರ ತೊಡೆಯ ಮೇಲೆ ಕೈ ಬೀಳುತ್ತದೆ. ನಾಲ್ಕೂವರೆಗೆ ಹಚ್ಚುತ್ತೇವೆ, ಬೇಳೆಯ ಮೊರದ ಜೊತೆ.

ಬಾಗಿಲು, ಗ್ಯಾಸ್, ದುಡ್ಡು

ಚಿಲಕ ಕಣ್ಣಿನ ಮಟ್ಟಕ್ಕಿಂತ ಮೇಲೆ ಇರಲಿ, ಆದರೆ ಒಳಗೆ ಒಬ್ಬರೇ ಇದ್ದಾಗ ಹೊರಗಿನಿಂದ ಕೀಲಿ ಹಾಕಿ ಹೋಗಬೇಡಿ, ಬೆಂಕಿ ಹತ್ತಿದರೆ ಗತಿ ಏನು? ಫೋನ್ ನಂಬರ್ ಬರೆದ ಬಟ್ಟೆ ಚೂರನ್ನು ಕುಬಸದ ಒಳಗೆ ಹೊಲಿಯಿರಿ, ಕೈಗೆ ಕಟ್ಟಿದರೆ ಬಿಚ್ಚಿ ಎಸೆಯುತ್ತಾರೆ. ಓಣಿಯ ಕಿರಾಣಿ ಅಂಗಡಿಯವರಿಗೆ, ಆಟೋ ಸ್ಟ್ಯಾಂಡಿನವರಿಗೆ ಮುಚ್ಚಿಡದೇ ಹೇಳಿ. ನಮ್ಮ ಅತ್ತೆಯನ್ನು ಎರಡು ಸಲ ಮನೆಗೆ ತಂದುಬಿಟ್ಟವರು ಆಟೋದವರೇ. ಈಚಿನ ಫೋಟೋ ಒಂದು ಫೋನಿನಲ್ಲಿ ಇರಲಿ, ಕಾಣದಿದ್ದರೆ ನೀವೇ ಗಂಟೆಗಟ್ಟಲೆ ಹುಡುಕದೇ 112ಕ್ಕೆ ಕರೆ ಮಾಡಿ. ಗ್ಯಾಸ್ ಸಿಲಿಂಡರ್ ರೆಗ್ಯುಲೇಟರ್ ರಾತ್ರಿ ಬಂದ್. ಬ್ಯಾಂಕ್, ಪಿಂಚಣಿ, ಹೊಲದ ಪಹಣಿಯ ಕೆಲಸ ಅವರಿಗೆ ತಿಳಿವಳಿಕೆ ಇರುವಾಗಲೇ, ಎಲ್ಲ ಮಕ್ಕಳ ಎದುರಿಗೆ ಮಾಡಿ ಮುಗಿಸಿ. ತಡವಾದರೆ ಹೆಬ್ಬೆಟ್ಟು ಯಾರು ಒತ್ತಿಸಿಕೊಂಡರು ಅಂತ ಅಣ್ಣತಮ್ಮಂದಿರಲ್ಲಿ ಕೋರ್ಟು ಆಗುತ್ತದೆ. ಹಿರಿಯರ ಸಹಾಯವಾಣಿ 14567, ಬೆಳಿಗ್ಗೆ ಎಂಟರಿಂದ ರಾತ್ರಿ ಎಂಟರವರೆಗೆ.

ನೋಡಿಕೊಳ್ಳುವವರು

ನಮ್ಮಲ್ಲಿ ಇದು ಹೆಚ್ಚಾಗಿ ಒಬ್ಬ ಹೆಂಗಸಿನ ತಲೆಗೆ ಬರುತ್ತದೆ, ಸೊಸೆ ಅಥವಾ ಮಗಳು. ಉಳಿದವರು ಹಬ್ಬಕ್ಕೆ ಬಂದು "ಯಾಕೋ ಸೊರಗ್ಯಾರಲ್ಲ" ಅಂದು ಹೋಗುತ್ತಾರೆ. ನ್ಯೂಯಾರ್ಕ್‌ನಲ್ಲಿ ಮೇರಿ ಮಿಟಲ್‌ಮನ್ ತಂಡದವರು ರೋಗಿಯ ಗಂಡ ಅಥವಾ ಹೆಂಡತಿಗೆ, ಇಡೀ ಮನೆಯವರನ್ನು ಕೂಡಿಸಿಕೊಂಡು, ಸಲಹೆ ಮತ್ತು ಆಸರೆ ಕೊಟ್ಟರು. ಅಂಥ ಮನೆಗಳಲ್ಲಿ ರೋಗಿಯನ್ನು ಆರೈಕೆ ಕೇಂದ್ರಕ್ಕೆ ಸೇರಿಸುವುದು ಸುಮಾರು 557 ದಿನ ಮುಂದಕ್ಕೆ ಹೋಯಿತು ಅಂತ 2006ರಲ್ಲಿ ಬರೆದರು. ನಮಗೆ ಹತ್ತಿರದ ಉದಾಹರಣೆ ಗೋವಾದ್ದು. 81 ಮನೆಗಳಲ್ಲಿ ನಡೆದ ಅಧ್ಯಯನ, 2008ರಲ್ಲಿ ಪ್ರಕಟವಾಯಿತು. ತರಬೇತಿ ಪಡೆದ ಸಾಮಾನ್ಯ ಜನರೇ ಮನೆಗೆ ಹೋಗಿ ಮಾತಾಡಿಸಿ, ದಾರಿ ಹೇಳಿಕೊಟ್ಟಾಗ ನೋಡಿಕೊಳ್ಳುವವರ ಮನಸ್ಸು ಹಗುರಾಯಿತು. ದೊಡ್ಡ ಆಸ್ಪತ್ರೆ ಬೇಕಾಗಲಿಲ್ಲ.

ಹಾಗಾಗಿ "ಸಹಾಯ ಮಾಡ್ರಿ" ಅಂತ ಸುಮ್ಮನೆ ಒಟ್ಟಾರೆಯಾಗಿ ಕೇಳಬೇಡಿ, ಯಾರೂ ಮಾಡುವುದಿಲ್ಲ. ದಿನ, ಗಂಟೆ, ಕೆಲಸ ಹೇಳಿ ಹಂಚಿ. ಪುಣೆಯಲ್ಲಿರುವ ನಾದಿನಿ ಡೈಪರ್ ಮತ್ತು ಮಾತ್ರೆಯ ಖರ್ಚು. ನನ್ನ ಗಂಡ ಬೆಳಗಿನ ಸ್ನಾನಕ್ಕೆ ನೀರು, ರಾತ್ರಿಯ ಮಾತ್ರೆ. ತಲೆ ಸಿಡಿದ ದಿನ, ಕೈ ಎತ್ತುವ ಮನಸ್ಸಾದ ದಿನ (ಆಗುತ್ತದೆ, ನನಗೂ ಆಗಿದೆ) ಅವರನ್ನು ಸುರಕ್ಷಿತವಾಗಿ ಕೂಡಿಸಿ ಹೊರಗೆ ಹೋಗಿ ಹತ್ತು ನಿಮಿಷ ನಿಲ್ಲಿ. ಟೆಲಿ ಮಾನಸ್ 14416 ಹಗಲು ರಾತ್ರಿ ಇರುತ್ತದೆ, ಕನ್ನಡದಲ್ಲೇ ಮಾತಾಡಬಹುದು.

ಸೇಡಂನಲ್ಲಿರುವ ಮೈದುನ ಈಗ ಪ್ರತಿ ಶನಿವಾರ ರಾತ್ರಿ ಬಂದು ಅತ್ತೆಯ ಕೋಣೆಯಲ್ಲಿ ಮಲಗುತ್ತಾನೆ. ಮೊದಲ ವಾರ "ವೈನಿ, ಅವ್ವ ಊರಿಗಿ ಹೊಂಟಾಳ, ಏನು ಮಾಡ್ಲಿ" ಅಂತ ಮೂರು ಸಲ ಎಬ್ಬಿಸಿದ. ಈಗ ಎಬ್ಬಿಸುವುದಿಲ್ಲ. ಹೋದ ವಾರ ರಾತ್ರಿ ಎರಡಕ್ಕೆ ನೀರು ಕುಡಿಯಲು ಎದ್ದಾಗ ಬಾಗಿಲ ಸಂದಿನಿಂದ ಅವನ ದನಿ ಕೇಳಿಸಿತು. "ಗೌರಿ ಕರ ಹಾಕಿದ್ದು ಯಾವ ಅಮಾಸಿಗಿ ಅವ್ವಾ?"